ನಾಲ್ಕನೆಯ ಲೆಕ್ಕದ ಖಾಲಿ ಚೌಕ

ಭೌತವಿಜ್ಞಾನ ವಿಭಾಗ
3 ನವೆಂಬರ್ 1993

ಮಾನ್ಯ ಪ್ರೊಫೆಸರ್ ಕೆರ್ತು ಅರೋಮಾ ಅವರಿಗೆ,

ನಿಮ್ಮ ಗಣಿತ ವಿಭಾಗಕ್ಕೂ ನಮ್ಮ ವಿಭಾಗಕ್ಕೂ ನಡುವೆ ಇರುವುದು ಒಂದು ಅಂಗಳ, ಎರಡು ಬರ್ಚ್ ಮರ, ಸೈಕಲ್ ನಿಲ್ಲಿಸುವ ಜಾಗ. ಎಂಬತ್ತು ಮೀಟರ್ ಇರಬಹುದು. ನಡೆದು ಬಂದು ಹೇಳಬಹುದಾದದ್ದನ್ನು ಬರೆದು ಕಳಿಸುತ್ತಿದ್ದೇನೆ. ನಾವಿಬ್ಬರೂ ಇಪ್ಪತ್ತಾರು ವರ್ಷಗಳಿಂದ ಮಾತಾಡಿಲ್ಲ; ಈಗ ಮಾತಾಡಲು ಕಲಿಯುವಷ್ಟು ಸಮಯವೂ ಇಲ್ಲ.

ವಿಷಯ ಇದು. ಹೆಲ್ಸಿಂಕಿಯ ಸರ್ಕಾರದವರು ಎಲ್ಲ ಕಡೆ ಖರ್ಚಿಗೆ ಕತ್ತರಿ ಆಡಿಸುತ್ತಿರುವುದು ನಿಮಗೂ ಗೊತ್ತು. ಕಳೆದ ವರ್ಷ ನಮ್ಮಲ್ಲಿ ಸೇರಿದ ನಲವತ್ತಮೂರು ವಿದ್ಯಾರ್ಥಿಗಳಲ್ಲಿ ಮೊದಲ ವರ್ಷದ ಗಣಿತ ಪಾಸಾದವರು ಹನ್ನೊಂದು ಮಂದಿ. ಏಪ್ರಿಲ್ ಹದಿನೈದರೊಳಗೆ ನಂಬುವಂಥ ಹೊಸ ಯೋಜನೆ ಕೊಡದಿದ್ದರೆ ಮುಂದಿನ ಶರತ್ಕಾಲದಿಂದ ಭೌತವಿಜ್ಞಾನದ ಪದವಿಗೆ ಪ್ರವೇಶ ನಿಲ್ಲಿಸುತ್ತೇವೆ ಎಂದು ಡೀನ್ ಬರೆದಿದ್ದಾರೆ. ಒಮ್ಮೆ ನಿಂತ ಪ್ರವೇಶ ಮತ್ತೆ ತೆರೆದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಇದರೊಂದಿಗೆ ಒಂದು ಪಟ್ಟಿ ಇಟ್ಟಿದ್ದೇನೆ. ಎಡಗಡೆ, ನಮಗೆ ಯಾವ ಗಣಿತ ಯಾವ ವಾರ ಬೇಕು. ಬಲಗಡೆ, ನೀವು ಅದನ್ನು ಯಾವಾಗ ಕಲಿಸುತ್ತೀರಿ. ಬೀಳುವ ಕಲ್ಲಿನ ಪಾಠಕ್ಕೆ ಮೊದಲ ವರ್ಷದ ಅಕ್ಟೋಬರಿನಲ್ಲೇ ಅವಕಲ ಸಮೀಕರಣ ಬೇಕು. ನಿಮ್ಮಲ್ಲಿ ಅದು ಮೂರನೆಯ ವರ್ಷ ಬರುತ್ತದೆ. ಅಷ್ಟರಲ್ಲಿ ಕಲ್ಲು ಬಿದ್ದು ಎರಡು ವರ್ಷವಾಗಿರುತ್ತದೆ. ಹಾಗಾಗಿ ನಮ್ಮ ಅಧ್ಯಾಪಕರು ತಮ್ಮ ಪಾಠದ ಅರ್ಧ ಗಂಟೆ ಕದ್ದು ತಾವೇ ಗಣಿತ ಹೇಳಿಕೊಡುತ್ತಾರೆ. ಕೆಟ್ಟದಾಗಿ ಹೇಳಿಕೊಡುತ್ತಾರೆ. ಅವರಲ್ಲಿ ನಾನೂ ಒಬ್ಬಳು.

ನನ್ನ ಸಲಹೆ: ಭೌತವಿಜ್ಞಾನಕ್ಕೆ ಬೇಕಾದ ಗಣಿತವನ್ನು ಇನ್ನು ಮುಂದೆ ನಾವೇ ಕಲಿಸುತ್ತೇವೆ. ಯೋಜನೆಗೆ ಎರಡೂ ವಿಭಾಗದ ಮುಖ್ಯಸ್ಥರ ಸಹಿ ಬೇಕಂತೆ. ಸಹಿ ಮಾಡಿ, ನಿಮ್ಮ ಹೆಸರು ಹೊಡೆದು ಮುಂದಿನ ಮನೆಯಲ್ಲಿ ನನ್ನದನ್ನು ಬರೆದು, ಇದೇ ಕಂದು ಲಕೋಟೆಯಲ್ಲಿ ಕಳಿಸಿದರೆ ಸಾಕು.

ಗೌರವದಿಂದ,
ಹೆಲ್ಕಾ ರೈವಿಯೊ


ಗಣಿತ ವಿಭಾಗ
10 ನವೆಂಬರ್ 1993

ಮಾನ್ಯ ಪ್ರೊಫೆಸರ್ ರೈವಿಯೊ ಅವರಿಗೆ,

ಅಂಗಳ ಎಂಬತ್ತು ಮೀಟರ್ ಅಲ್ಲ, ತೊಂಬತ್ತಾರು. ನಾನು ಮೀಟರಿಗೊಂದು ಉದ್ದ ಹೆಜ್ಜೆ ಹಾಕಿ ಅಳೆದಿದ್ದೇನೆ. ಯಾವಾಗ, ಯಾಕೆ ಎಂದು ಕೇಳಬೇಡಿ.

ಸಹಿ ಮಾಡುವುದಿಲ್ಲ.

ನಿಮ್ಮವರು ಗಣಿತ ಕಲಿಸುವ ಬಗೆ ನನಗೆ ಗೊತ್ತು. ಉತ್ತರ ಬಂತೋ ಇಲ್ಲವೋ, ಅಷ್ಟೇ. ಅನಂತ ಶ್ರೇಣಿಯೊಂದನ್ನು ಆಲೂಗಡ್ಡೆ ಚೀಲದ ಹಾಗೆ ಬೋರಲು ಹಾಕಿ, ಉರುಳಿದ್ದನ್ನೆಲ್ಲ ಆಯ್ದು ಕೂಡಿಸುತ್ತಾರೆ. ಹಾಗೆ ಮಾಡಬಹುದೇ ಎಂದು ಒಬ್ಬರೂ ಕೇಳುವುದಿಲ್ಲ. ಗಣಿತವೆಂದರೆ ಆ ಪ್ರಶ್ನೆಯೇ.

ಇನ್ನು, ಫೇಲಾಗುವುದಕ್ಕೆ ಪಾಠಗಳ ಕ್ರಮ ಕಾರಣವಲ್ಲ. ನಿಮ್ಮ ಹುಡುಗರು ದುಡಿಯುವುದಿಲ್ಲ, ಅದೇ ಕಾರಣ. ಪ್ರತಿ ಗುರುವಾರ ಲೆಕ್ಕದ ತರಗತಿಯಲ್ಲಿ ಹೆಸರಿನ ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಮನೆಯಲ್ಲಿ ಯಾವ ಲೆಕ್ಕ ಮಾಡಿಕೊಂಡು ಬಂದಿದ್ದಾರೋ ಅದರ ಚೌಕದಲ್ಲಿ ಗುರುತು ಹಾಕಬೇಕು. ಗುರುತು ಹಾಕಿದವರಲ್ಲಿ ಯಾರನ್ನಾದರೂ ಬೋರ್ಡಿಗೆ ಕರೆಯುತ್ತೇವೆ. ಮೂರರಲ್ಲಿ ಒಂದು ಪಾಲಾದರೂ ಗುರುತಿಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಈ ಪದ್ಧತಿ ನಿಮಗೆ ಹೊಸದಲ್ಲ. ಬಂದು ನೋಡಿ: ಭೌತವಿಜ್ಞಾನದವರ ಸಾಲುಗಳು ಜನವರಿಯ ಹಿಮ ಬಿದ್ದ ಹೊಲದ ಹಾಗೆ ಬೆಳ್ಳಗಿವೆ.

ಲಕೋಟೆ ಕೊಡಲು ಬಂದ ನಿಮ್ಮ ಕಟ್ಟಡದ ಜವಾನ ಆರ್ವೊ ಕೇಳಿದ, "ಎರಡು ಕಡೆನೂ ಫೋನ್ ಇದೆಯಲ್ಲ, ಕೆಟ್ಟೋಗಿದ್ಯಾ?" "ಇಪ್ಪತ್ತಾರು ವರ್ಷದಿಂದ" ಎಂದೆ. ರಿಪೇರಿಯವರನ್ನು ಕರೆಸುತ್ತೇನೆ ಎಂದು ಹೋದ.

ಇಂತಿ,
ಕೆರ್ತು ಅರೋಮಾ


ಭೌತವಿಜ್ಞಾನ ವಿಭಾಗ
19 ನವೆಂಬರ್ 1993

ಪ್ರೊಫೆಸರ್ ಅರೋಮಾ ಅವರಿಗೆ,

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಉತ್ತರ ಬರೆದು ಹರಿದೆ. ಎರಡನೆಯದನ್ನೂ ಹರಿದೆ. ಇದು ಮೂರನೆಯದು. ಇದರಲ್ಲಿ ವಾದವಿಲ್ಲ, ನಿನ್ನೆ ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ಯೊನ್ನಾ ಎಂಬ ಹುಡುಗಿ ಬಂದಿದ್ದಳು. ಮೊದಲ ವರ್ಷ. ಒಳನಾಡಿನ ಮರ ಕೊಯ್ಯುವ ಕಾರ್ಖಾನೆಯ ಊರಿನವಳು. ಈಗಿನ ಹುಡುಗರೆಲ್ಲರ ಹಾಗೆ ಅಧ್ಯಾಪಕರನ್ನು ಹೆಸರು ಹಿಡಿದೇ ಕರೆಯುತ್ತಾಳೆ. ನಿಮ್ಮ ಗುರುವಾರದ ತರಗತಿಯಿಂದ ನೇರ ಬಂದು, ಕೋಟು ಕೂಡ ತೆಗೆಯದೆ, ಕೋರ್ಸು ಬಿಡುವ ಅರ್ಜಿಯನ್ನು ನನ್ನ ಮೇಜಿನ ಮೇಲೆ ಇಟ್ಟಳು.

"ಏನಮ್ಮಾ ಇದು?"

"ಬಿಟ್ಬಿಡ್ತೀನಿ. ನರ್ಸಿಂಗ್ ಸೇರ್ಕೋತೀನಿ. ಅಲ್ಲಿ ಯಾರೂ ಬೋರ್ಡಿಗೆ ಕರೆಯಲ್ಲ."

"ಅಲ್ಲಿ ಕೈಗೆ ಸೂಜಿ ಕೊಟ್ಟು ಚುಚ್ಚು ಅಂತಾರೆ. ಅದಕ್ಕಿಂತ ಬೋರ್ಡೇ ವಾಸಿ."

ನಕ್ಕಳು. ನಗುವವಳು ಇನ್ನೂ ಪೂರ್ತಿ ಹೋಗಿಲ್ಲ ಎಂದುಕೊಂಡು ಕೂರಿಸಿದೆ.

"ಈ ವಾರ ಎಷ್ಟು ಲೆಕ್ಕ ಮಾಡಿದ್ದೆ?"

"ಐದು."

"ಗುರುತು ಹಾಕಿದ್ದು?"

"ಒಂದು."

"ಐದು ಮಾಡಿ ಒಂದಕ್ಕೆ ಗುರುತಾ! ಯಾಕೆ?"

"ಉತ್ತರ ಬಂದಿದೆ, ಹೆಲ್ಕಾ. ಆದ್ರೆ ಮಧ್ಯ ಒಂದು ಹೆಜ್ಜೆ ಇದೆ, ಅದು ಯಾಕೆ ಸರಿ ಅಂತ ನಂಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಮಾಡಿದೀನಿ ಅಂತ ಹೆಂಗೆ ಹೇಳ್ಲಿ? ಸುಳ್ಳಾಗಲ್ವಾ?"

ಅರ್ಜಿಯನ್ನು ಡ್ರಾಯರಿಗೆ ಹಾಕಿ, "ಇದು ಕ್ರಿಸ್ಮಸ್ ಮುಗಿಯೋವರೆಗೂ ಇಲ್ಲೇ ಇರತ್ತೆ" ಎಂದೆ.

ಅವಳು ದುಡಿಯುವುದಿಲ್ಲ ಎಂದು ಮಾತ್ರ ಬರೆಯಬೇಡಿ.

ಹೆಲ್ಕಾ ರೈವಿಯೊ


ಗಣಿತ ವಿಭಾಗ
7 ಡಿಸೆಂಬರ್ 1993

ಹೆಲ್ಕಾ,

ನಿನ್ನೆ ಡಿಸೆಂಬರ್ ಆರು, ಸ್ವಾತಂತ್ರ್ಯ ದಿನ. ಎಲ್ಲ ಮನೆಯವರ ಹಾಗೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟು, ಊಟದ ಮೇಜಿನ ಮೇಲೆ ಹತ್ತೊಂಬತ್ತು ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತೆ. ನಿಮ್ಮ ವಿಭಾಗದ ಮೊದಲ ವರ್ಷದವರದು. ಗುರುವಾರದ ತರಗತಿ ಮುಗಿದ ಮೇಲೆ "ಎಲ್ಲರೂ ಇಟ್ಟು ಹೋಗಿ" ಎಂದಿದ್ದೆ. ಮುಖ ಬಾಡಿಸಿಕೊಂಡು ಇಟ್ಟು ಹೋದರು.

ಹತ್ತೊಂಬತ್ತರಲ್ಲಿ ಹದಿನಾಲ್ಕರಲ್ಲಿ ಲೆಕ್ಕಗಳು ಇವೆ. ಸರಿಯಾಗಿವೆ. ಪಟ್ಟಿಯಲ್ಲಿ ಅವುಗಳ ಚೌಕ ಖಾಲಿ. ನನ್ನ ಗಣಿತದ ಹುಡುಗರು ಅರ್ಧ ಮಾಡಿದ್ದಕ್ಕೂ ಧೈರ್ಯವಾಗಿ ಗುರುತು ಹಾಕಿ, ಬೋರ್ಡಿನ ಹತ್ತಿರ ಹೋಗಿ ಏನಾದರೂ ಹೊಂದಿಸುತ್ತಾರೆ. ನಿನ್ನವರು ಪೂರ್ತಿ ಮಾಡಿ ಸುಮ್ಮನೆ ಕೂತಿದ್ದಾರೆ. ಸೋಮಾರಿಗಳೆಂದು ಬರೆದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಯೊನ್ನಾಳ ಪುಸ್ತಕದಲ್ಲಿ, ಆ ಒಂದು ಹೆಜ್ಜೆಯ ಪಕ್ಕ, ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಅದನ್ನು ನೋಡಿ ಪುಸ್ತಕ ಮುಚ್ಚಿದೆ. ಅಂಥದ್ದೇ ಚಿಹ್ನೆಯನ್ನು ಹಿಂದೊಮ್ಮೆ ನೋಡಿದ್ದೆ, 1967ರ ಡಿಸೆಂಬರಿನಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ, ನಿನ್ನ ನೀಲಿ ಪುಸ್ತಕದಲ್ಲಿ.

ಮೇಲೆ "ನಿನ್ನ" ಎಂದು ಬರೆದುಬಿಟ್ಟಿದ್ದೇನೆ. ಹೊಡೆದುಹಾಕುವುದಿಲ್ಲ.

ನಾಲ್ಕನೆಯ ಲೆಕ್ಕ. ಕಾದ ಕಬ್ಬಿಣ ಹೊರಚೆಲ್ಲುವ ಬೆಳಕನ್ನೆಲ್ಲ ಕೂಡಿಸುವ ಅನುಕಲ. ಇಡೀ ತರಗತಿ ಅದರ ಮುಂದೆ ತಲೆ ಕೆರೆದುಕೊಂಡಿತ್ತು. ನೀನು ಅದನ್ನು ಅನಂತ ಶ್ರೇಣಿಯಾಗಿ ಬಿಡಿಸಿ, ಮೊತ್ತವನ್ನು ಹೊರಗೆ ತಂದು, ಅನುಕಲವನ್ನು ಒಳಗೆ ತಳ್ಳಿ, ಮೂರೇ ಸಾಲಿನಲ್ಲಿ ಮುಗಿಸಿದ್ದೆ. ಆ ಅದಲುಬದಲಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ. "ಇದು ಸರೀನಾ ಗೊತ್ತಿಲ್ಲ ಕಣೇ, ಗುರುತು ಹಾಕಲ್ಲ" ಎಂದೆ ನೀನು. ಮರುದಿನ ಪಟ್ಟಿ ಬಂದಾಗ ನಾನು ಹಾಕಿದೆ. ಪ್ರೊಫೆಸರ್ ಹೆಡ್ಮಾನ್ ನನ್ನನ್ನೇ ಕರೆದರು. ನಿನ್ನ ಮೂರು ಸಾಲುಗಳನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿರುವಾಗ ನೀನು ಕೋಟು ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೋದೆ.

ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಯಾರಾದರೂ ಹೇಳಿರಬಹುದೆಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಯೊನ್ನಾಳ ವಿಷಯ ಓದಿದ ಮೇಲೆ, ಯಾರೂ ಹೇಳಿಲ್ಲ ಅನ್ನಿಸಿತು.

ಹೆಡ್ಮಾನ್ ಕೇಳಿದರು: "ಇವೆರಡನ್ನ ಅದಲುಬದಲು ಮಾಡಬಹುದಾ?" ನನಗೆ ಗೊತ್ತಿರಲಿಲ್ಲ. ಸೀಮೆಸುಣ್ಣದ ತುದಿಯಿಂದ ಒಂದೊಂದೇ ಪದ ಮುಟ್ಟುತ್ತಾ ಹೋದೆ. ಆಮೇಲೆ ಕಂಡಿತು: ಎಲ್ಲ ಪದಗಳೂ ಧನಸಂಖ್ಯೆ. ಒಂದೂ ಹಿಂದಕ್ಕೆ ಎಳೆಯುವುದಿಲ್ಲ. ಹಾಗಿದ್ದಾಗ ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಅದೇ. ಎರಡು ಸಾಲಿನಲ್ಲಿ ಸಾಧಿಸಿದೆ. ನನ್ನ ಜೀವನದ ಮೊದಲ ನಿಜವಾದ ಸಾಧನೆ ಅದು, ಹೆಲ್ಕಾ. ಅಷ್ಟು ಮಾತ್ರ ನನ್ನದು.

ಹೆಡ್ಮಾನ್ ಕನ್ನಡಕ ತೆಗೆದು, "ಪೂರ್ತಿ ನಿನ್ನದೇನಾ?" ಎಂದರು.

"ಹೌದು" ಎಂದೆ.

ಆ ಬೇಸಿಗೆಯ ಸಹಾಯಕ ಹುದ್ದೆ ನನಗೆ ಬಂತು. ಆ ವಸಂತದಲ್ಲಿ ನೀನು ಗಣಿತ ಬಿಟ್ಟು ಅಂಗಳದ ಆಚೆ ಕಟ್ಟಡಕ್ಕೆ ಹೋದೆ. ಅಂಗಳವನ್ನು ನಾನು ಅಳೆದದ್ದು 1974ರಲ್ಲಿ. ನಿನ್ನ ಬಾಗಿಲವರೆಗೆ ತೊಂಬತ್ತಾರು ಹೆಜ್ಜೆ, ವಾಪಸ್ಸು ತೊಂಬತ್ತಾರು. ಬಾಗಿಲು ತಟ್ಟಲಿಲ್ಲ.

ಕೆರ್ತು


ಭೌತವಿಜ್ಞಾನ ವಿಭಾಗ
13 ಜನವರಿ 1994

ಕೆರ್ತು,

ಒಂದು ತಿಂಗಳು ಬರೆಯಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ ಅಲ್ಲ. ಬೇರೆ ಬೇರೆ ದಿನ ಬೇರೆ ಬೇರೆಯಾಗಿ ತಿಳಿಯುತ್ತಿತ್ತು.

ನೀನು ಕದ್ದದ್ದು ಏನು ಎಂದು ಇಷ್ಟು ವರ್ಷ ನಾನು ತಪ್ಪಾಗಿ ಲೆಕ್ಕ ಹಾಕಿದ್ದೆ. ಇಡೀ ಲೆಕ್ಕವೇ ನನ್ನದು ಎಂದುಕೊಂಡಿದ್ದೆ. ಆ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಕೊಟ್ಟವಳು ನೀನು. ಅಷ್ಟನ್ನು ನಾನು ಒಪ್ಪಿಕೊಳ್ಳಬೇಕು. ಆದರೆ ಆ "ಹೌದು" ಒಪ್ಪುವಂಥದ್ದಲ್ಲ. ಕ್ಷಮಿಸಿದ್ದೇನೆ ಎಂದು ಇವತ್ತು ಬರೆದರೆ, ಯೊನ್ನಾ ಹೇಳಿದ ಹಾಗೆ, ಸುಳ್ಳಾಗುತ್ತದೆ.

ಹಾಗಾಗಿ ಕೆಲಸದ ಮಾತು. ಎರಡು ವಿಷಯ.

ಒಂದು, ಗಣಿತ ನಾವೇ ಕಲಿಸುತ್ತೇವೆ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. "ಹಾಗೆ ಮಾಡಬಹುದಾ" ಎಂದು ಕೇಳುವವರು ನಮ್ಮ ಹುಡುಗರಿಗೆ ಬೇಕು. ಉತ್ತರ ಮೊದಲು ಬಂದದ್ದು ತಪ್ಪಲ್ಲ ಎಂದು ಹೇಳುವವರೂ ಬೇಕು. ಪ್ರತಿ ವಾರ ನಿಮ್ಮವರೊಬ್ಬರು, ನಮ್ಮವರೊಬ್ಬರು, ಒಂದೇ ತರಗತಿಯಲ್ಲಿ.

ಎರಡು, ಆ ಪಟ್ಟಿ. ಪ್ರತಿ ಲೆಕ್ಕಕ್ಕೂ ಒಂದು ಚೌಕ ಯಾಕಿರಬೇಕು? ಎರಡಿರಲಿ. ಮೊದಲನೆಯದು: ದಾರಿ ಸಿಕ್ಕಿತು. ಎರಡನೆಯದು: ಆ ದಾರಿ ಯಾಕೆ ಸರಿ ಎಂದು ಹೇಳಬಲ್ಲೆ. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟವರು ಸುಳ್ಳು ಹೇಳಿದಂತಾಗುವುದಿಲ್ಲ. ಎರಡಕ್ಕೂ ಸಮ ಬೆಲೆ. ಬೋರ್ಡಿಗೆ ಇಬ್ಬರನ್ನು ಕರೆಯಬಹುದು.

ಯೊನ್ನಾಗೆ ಇದನ್ನು ಹೇಳಿದೆ. "ಹಾಗಾದ್ರೆ ನನ್ನ ಅರ್ಜಿ ಕೊಡಿ" ಎಂದಳು. ಡ್ರಾಯರಿನಿಂದ ತೆಗೆದು ಕೊಟ್ಟೆ. ತೆಗೆದುಕೊಂಡು, ಅದರ ಹಿಂಬದಿಯ ಮೇಲೆ ಹೊಸ ಪಟ್ಟಿಯ ನಮೂನೆ ಬರೆದು ವಾಪಸ್ಸು ಕೊಟ್ಟಳು. ಅದನ್ನೇ ಕಳಿಸಿದ್ದೇನೆ. ಅವಳ ಗೆರೆಗಳು ನನ್ನ ಗೆರೆಗಳಿಗಿಂತ ನೆಟ್ಟಗಿವೆ.

ಹೆಲ್ಕಾ


ಗಣಿತ ವಿಭಾಗ
15 ಫೆಬ್ರವರಿ 1994

ಹೆಲ್ಕಾ,

ಎರಡು ಚೌಕಕ್ಕೆ ನನ್ನ ವಿಭಾಗದ ಮುದುಕರು ಹೇಳಿದ್ದು: "ಮುಂದೆ ಮೂರನೇ ಚೌಕನೂ ಬರತ್ತೆ, 'ಲೆಕ್ಕ ಓದಿದೆ' ಅಂತ." ಹೇಳಲಿ. ಒಪ್ಪಿಸಿದ್ದೇನೆ.

ಆದರೆ ನಿನ್ನ ವಾರಗಳ ಪಟ್ಟಿ ನೋಡಿ ತಲೆ ಸುತ್ತಿತು. ಸೆಪ್ಟೆಂಬರಿನಲ್ಲಿ ಅವಕಲನ, ಅಕ್ಟೋಬರಿನಲ್ಲಿ ಅವಕಲ ಸಮೀಕರಣ! ಮಿತಿ ಎಂದರೆ ಏನೆಂದು ತಿಳಿಯದವರ ಕೈಗೆ! ಇದು ಈಜು ಬಾರದವರನ್ನು ದೋಣಿಯಿಂದ ತಳ್ಳಿದ ಹಾಗೆ.

ಆರ್ವೊನ ಕೈಯಲ್ಲಿ ಬಾದಾಮಿ, ಕೆನೆ ತುಂಬಿದ ಎರಡು ಬನ್ನು ಕಳಿಸಿದ್ದೇನೆ. ದಾರಿಯಲ್ಲಿ ಒಂದನ್ನು ಅವನೇ ತಿಂದರೆ ನನ್ನನ್ನು ದೂರಬೇಡ.

ಕೆರ್ತು


ಭೌತವಿಜ್ಞಾನ ವಿಭಾಗ
16 ಫೆಬ್ರವರಿ 1994

ಕೆರ್ತು,

ಒಂದೇ ಬಂತು. ಕೆನೆ ಅವನ ಮೀಸೆಯಲ್ಲಿತ್ತು.

ನೀನು ಸಂಶಯ ಪಡುವುದನ್ನು ಮೊದಲು ಕಲಿಸುತ್ತೀ. ಸಂಶಯ ಪಡಲು ಕೈಯಲ್ಲಿ ಮೊದಲು ಏನಾದರೂ ಇರಬೇಡವೇ? ಮಿತಿಯನ್ನು ತೆಗೆದುಹಾಕು ಎನ್ನುತ್ತಿಲ್ಲ. ಎರಡನೆಯ ವಸಂತದಲ್ಲಿ ಇಡೋಣ, ಆಗ ಅವರಿಗೇ ಅದು ಬೇಕೆನಿಸಿರುತ್ತದೆ. ಮಾತೃಕೆಗಳು ಮೊದಲ ವರ್ಷದ ಜನವರಿಗೆ. ಸದಿಶಗಳ ಕಲನ ಎರಡನೆಯ ಶರತ್ಕಾಲದ ಮೊದಲ ಆರು ವಾರ. ಏಳನೆಯ ವಾರ ನಾನು ವಿದ್ಯುತ್ತು ಶುರು ಮಾಡುತ್ತೇನೆ. ಯಾವುದೇ ಗಣಿತ ನಮಗೆ ಬೇಕಾಗುವ ಎರಡು ವಾರ ಮೊದಲು ಅವರ ಕೈಯಲ್ಲಿರಬೇಕು. ಇಷ್ಟೇ ನನ್ನ ಹಟ.

ಹೆಲ್ಕಾ


ಗಣಿತ ವಿಭಾಗ
3 ಮಾರ್ಚ್ 1994

ಹೆಲ್ಕಾ,

ಸರಿ. ಆದರೆ ಪ್ರತಿ ವಾರದ ಕೊನೆಯ ಹತ್ತು ನಿಮಿಷ ನನ್ನದು. ಆ ವಾರ ಅವರು ಯೋಚಿಸದೆ ಮಾಡಿದ ಒಂದು ಹೆಜ್ಜೆಯನ್ನು ಹಿಡಿದು, "ಇದು ಯಾವಾಗ ಕೈಕೊಡುತ್ತದೆ" ಎಂದು ತೋರಿಸುತ್ತೇನೆ. ಬಿದ್ದ ಸೇತುವೆಗಳ ಚಿತ್ರ ತೋರಿಸಿದ ಹಾಗೆ. ಹೆದರಿಸುವುದಕ್ಕಲ್ಲ.

ಸ್ವಲ್ಪ ಹೆದರಿಸುವುದಕ್ಕೂ.

ಕೆರ್ತು


ಭೌತವಿಜ್ಞಾನ ವಿಭಾಗ
28 ಮಾರ್ಚ್ 1994

ಕೆರ್ತು,

ಹತ್ತು ನಿಮಿಷ ನಿನಗೆ. ಯೋಜನೆ ಟೈಪಾಗಿದೆ, ಹನ್ನೆರಡು ಪುಟ. ನನ್ನ ಸಹಿ ಬಿದ್ದಿದೆ.

ಅದನ್ನು ಆರ್ವೊನ ಕೈಗೆ ಕೊಡುವುದಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ನಾನೇ ತರುತ್ತೇನೆ. ಕಾಫಿಗೆ ಇಡು.

ಹೆಲ್ಕಾ


ಗಣಿತ ವಿಭಾಗ
15 ಏಪ್ರಿಲ್ 1994

ಪ್ರೀತಿಯ ಹೆಲ್ಕಾ,

ಇಪ್ಪತ್ತಾರು ವರ್ಷ ಕಾದು, ತೊಂಬತ್ತನೆಯ ಮೀಟರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಳ್ಳುವುದು ನಿನ್ನೊಬ್ಬಳಿಗೇ ಸಾಧ್ಯ. ಕಿಟಕಿಯಿಂದ ನೋಡುತ್ತಿದ್ದೆ. ನಾನು ಓಡಿ ಬರುವಷ್ಟರಲ್ಲಿ ನೀನು ಮಲಗಿಕೊಂಡೇ ಪುಟಗಳನ್ನು ಎಣಿಸುತ್ತಿದ್ದೆ. "ಹನ್ನೊಂದು ಇವೆ, ಒಂದು ಹಾರಿಹೋಯ್ತು, ಹಿಡಿಯೇ!" ಇಷ್ಟು ವರ್ಷಗಳ ಮೇಲೆ ನೀನು ನನಗೆ ಆಡಿದ ಮೊದಲ ಮಾತು. ಹನ್ನೆರಡನೆಯ ಪುಟ ಬರ್ಚ್ ಮರದ ಬುಡದಲ್ಲಿತ್ತು. ಆಂಬುಲೆನ್ಸಿನವರು ನಗುತ್ತಿದ್ದದ್ದು ನಿನ್ನನ್ನು ನೋಡಿ ಅಲ್ಲ. ಒಂದು ಕೈಯಲ್ಲಿ ಆ ಪುಟ, ಇನ್ನೊಂದು ಕೈಯಲ್ಲಿ ಕಾಫಿ ಹೂಜಿ ಹಿಡಿದುಕೊಂಡಿದ್ದ ನನ್ನನ್ನು ನೋಡಿ.

ಯೋಜನೆಯ ಬಗ್ಗೆ ಡೀನ್ ಕರೆದ ಇವತ್ತಿನ ಸಭೆಗೆ ನೀನಿಲ್ಲದೆ ಹೋಗಬೇಕಾಯಿತು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಆಸ್ಪತ್ರೆಯ ಹಾಸಿಗೆಯಲ್ಲಿ ಎರಡು ಸಲ ಓದಲು ಸಮಯವಿದೆ ನಿನಗೆ.

ಹನ್ನೊಂದು ಜನ ಮೇಜಿನ ಸುತ್ತ. ರಸಾಯನವಿಜ್ಞಾನದವನು ಪುಟ ತಿರುವಿ, "ಎರಡೆರಡು ಚೌಕ! ಇವರಿಗೆ ಗಣಿತ ಬೇಕಾ, ಧೈರ್ಯ ಬೇಕಾ?" ಎಂದ.

"ಎರಡೂ ಬೇಕು. ಅದಕ್ಕೇ ಎರಡು ಚೌಕ" ಎಂದೆ.

ಡೀನ್ ಪೆನ್ನಿನಿಂದ ಮೇಜು ಕುಟ್ಟಿದರು. "ವಾರಗಳ ಕ್ರಮ ಸರಿಯಾಗೇ ಇದೆ. ಆದ್ರೆ ಒಂದು ಮಾತು ಕೇಳ್ತೀನಿ ಕೆರ್ತು, ಬೇಜಾರ್ ಮಾಡ್ಕೋಬೇಡ. ನೀನೂ ಹೆಲ್ಕಾನೂ ಒಂದೇ ಲಿಫ್ಟಿಗೆ ಹತ್ತಲ್ಲ ಅಂತ ಇಡೀ ಊರಿಗೆ ಗೊತ್ತು. ಒಂದೇ ತರಗತೀಲಿ ಒಟ್ಟಿಗೆ ಪಾಠ ಮಾಡ್ತೀರಿ ಅಂದ್ರೆ ಯಾರು ನಂಬ್ತಾರೆ? ಈ ಯೋಜನೆ ನಿಂತಿರೋದೇ ಅದರ ಮೇಲೆ."

ಅದು ನ್ಯಾಯವಾದ ಪ್ರಶ್ನೆ. ಉತ್ತರ ಹನ್ನೆರಡು ಪುಟದಲ್ಲಿ ಎಲ್ಲೂ ಇರಲಿಲ್ಲ.

ಎದ್ದು ನಿಂತೆ. ನಾಲ್ಕನೆಯ ಲೆಕ್ಕದ ಕಥೆ ಹೇಳಿದೆ. ನೀಲಿ ಪುಸ್ತಕ, ನಿನ್ನ ಮೂರು ಸಾಲು, ನನ್ನ ಎರಡು ಸಾಲು. ಹೆಡ್ಮಾನ್ ಕೇಳಿದ್ದು, ನಾನು ಹೇಳಿದ್ದು. "ಆ ದಿನ ಪಟ್ಟಿಯಲ್ಲಿ ಎರಡು ಚೌಕ ಇದ್ದಿದ್ರೆ ಅವಳು ಒಂದರಲ್ಲಿ ಗುರುತು ಹಾಕ್ತಿದ್ಲು, ನಾನು ಇನ್ನೊಂದರಲ್ಲಿ. ಒಂದೇ ಇತ್ತು. ಅದರಲ್ಲಿ ನಾನು ಸುಳ್ಳು ಹೇಳಿದೆ. ಅವಳು ಸುಮ್ಮನಾದ್ಲು. ಕಳೆದ ವರ್ಷ ಫೇಲಾದ ಮೂವತ್ತೆರಡು ಮಕ್ಕಳಲ್ಲಿ ಅವಳ ಥರ ಸುಮ್ಮನಾದವರು ಎಷ್ಟೋ" ಎಂದೆ.

ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ ಕೈ ನಿಲ್ಲಿಸಿ ಡೀನ್ ಮುಖ ನೋಡಿದಳು. ಡೀನ್ ಮೆಲ್ಲಗೆ, "ಇದನ್ನೂ ನಡಾವಳೀಲಿ ಬರೀಬೇಕಾ, ಕೆರ್ತು?" ಎಂದರು.

"ಬರೀರಿ. ಅದಕ್ಕೇ ಹೇಳಿದ್ದು. ಅವಳ ಹೆಸರು ಪೂರ್ತಿ ಬರೀರಿ."

ಬರೆದರು. ಆರನೆಯ ಅಂಶ, ಎರಡನೆಯ ಪ್ಯಾರಾ. ಪ್ರತಿ ಇದರೊಳಗಿದೆ.

ಆಮೇಲೆ ಕೈ ಎತ್ತಿಸಿದರು. ಹನ್ನೊಂದಕ್ಕೆ ಹನ್ನೊಂದು, ಹೆಲ್ಕಾ! ರಸಾಯನದವನು ಎರಡೂ ಕೈ ಎತ್ತಿದ, "ಎರಡು ಚೌಕಕ್ಕೆ" ಎಂದ. ಶರತ್ಕಾಲಕ್ಕೆ ನಲವತ್ತೈದು ಸೀಟು. ಪ್ರವೇಶ ತೆರೆದಿದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಉತ್ತರ ಕೊಡಬೇಕಾಗುತ್ತದೆ. ಕಾಲು ನೋಡಿಕೋ.

ನಿನ್ನ,
ಕೆರ್ತು


ಗಣಿತ ವಿಭಾಗ
5 ಡಿಸೆಂಬರ್ 1994

ಹೆಲ್ಕಾ,

ಗುರುವಾರ ಈ ಶರತ್ಕಾಲದ ಕೊನೆಯ ಲೆಕ್ಕದ ತರಗತಿ. ಐದು ಲೆಕ್ಕ ಕೊಟ್ಟಿದ್ದೇನೆ. ನಾಲ್ಕನೆಯದು ಯಾವುದೆಂದು ನೀನೇ ನೋಡು. ಇದುವರೆಗೆ ಯಾರಿಗೂ ಆಗಿಲ್ಲವಂತೆ. ಯೊನ್ನಾ ಕೂಡ ಅರ್ಧಕ್ಕೆ ನಿಂತಿದ್ದಾಳೆ. ಪಟ್ಟಿಯ ಕೊನೆಯಲ್ಲಿ ಒಂದು ಹೆಸರು ಹೆಚ್ಚಾಗಿ ಸೇರಿಸಿದ್ದೇನೆ.

ಕೆರ್ತು


ಭೌತವಿಜ್ಞಾನ ವಿಭಾಗ
20 ಡಿಸೆಂಬರ್ 1994

ಪ್ರೀತಿಯ ಕೆರ್ತು,

ಇವತ್ತು ಪರೀಕ್ಷೆಯ ಫಲಿತಾಂಶ ಗೋಡೆಗೆ ಹಚ್ಚಿದರು. ನಲವತ್ತೈದರಲ್ಲಿ ಮೂವತ್ತೆಂಟು ಪಾಸು. ಎರಡನೆಯ ಸಲ ಬರೆದ ಯೊನ್ನಾಳಿಗೆ ಎಲ್ಲರಿಗಿಂತ ಹೆಚ್ಚು ಅಂಕ. ಮುಂದಿನ ಶರತ್ಕಾಲದಿಂದ ಅವಳು ನಮ್ಮ ತರಗತಿಯ ಸಹಾಯಕಿ ಎಂದು ಹೇಳಿದಾಗ, "ನನ್ನ ಅರ್ಜಿ ಈಗ್ಲಾದ್ರೂ ಹರಿದುಹಾಕಿ" ಎಂದಳು. ಹಿಂಬದಿಯಲ್ಲಿ ಪಟ್ಟಿಯ ನಮೂನೆ ಇದೆ, ಹರಿಯುವುದಿಲ್ಲ, ಚೌಕಟ್ಟು ಹಾಕಿಸುತ್ತೇನೆ ಎಂದೆ. ಕಾರಿಡಾರಿನಲ್ಲಿ ಗದ್ದಲವೋ ಗದ್ದಲ. ಆರ್ವೊ ತನ್ನ ಸ್ವಂತ ಮಕ್ಕಳು ಪಾಸಾದ ಹಾಗೆ ಎಲ್ಲರ ಕೈ ಕುಲುಕುತ್ತಿದ್ದ.

ಆ ಗುರುವಾರ ನೀನು ಮುಂದಿನ ಬೆಂಚಿನಲ್ಲಿ ಕೂತಿದ್ದೆ. ನೀನು ಕೂತಿದ್ದ ಕಡೆಯಿಂದ ಕಾಣದ್ದನ್ನು ಹೇಳುತ್ತೇನೆ.

ಪಟ್ಟಿ ನನ್ನ ಕೈಗೆ ಬಂದಾಗ ಕೆಳಗೆ ನಿನ್ನ ಅಕ್ಷರದಲ್ಲಿ ನನ್ನ ಹೆಸರಿತ್ತು. ನಾಲ್ಕನೆಯ ಲೆಕ್ಕದ ಎದುರು ಎರಡು ಖಾಲಿ ಚೌಕ. ಮೊದಲನೆಯದರಲ್ಲಿ ಗುರುತು ಹಾಕಿದೆ. ಹಾಕಿದ್ದನ್ನೇ ಮತ್ತೆರಡು ಸಲ ತಿದ್ದಿದೆ, ನಲವತ್ತೇಳು ವರ್ಷದ ಪ್ರೊಫೆಸರ್! ಪಕ್ಕದ ಹುಡುಗ ಬಗ್ಗಿ ನೋಡಿ, "ಭಯ ಬೀಳ್ಬೇಡಿ, ಕೆರ್ತು ಕಚ್ಚಲ್ಲ" ಎಂದು ಪಿಸುಗುಟ್ಟಿದ.

ನೀನು ನನ್ನನ್ನೇ ಕರೆದೆ. ಊರುಗೋಲು ಬಿಟ್ಟು ಮೂರು ತಿಂಗಳಾಗಿದ್ದರೂ ಕುಂಟಿಕೊಂಡೇ ಹೋದೆ. ಮೂರು ಸಾಲು ಬರೆದೆ. ಒಂದಕ್ಷರವೂ ಮರೆತಿರಲಿಲ್ಲ. ಪೈನ ನಾಲ್ಕನೆಯ ಘಾತ, ಭಾಗಿಸು ಹದಿನೈದು. ಹಿಂದಕ್ಕೆ ತಿರುಗಿದಾಗ ಎಲ್ಲರ ಮುಖ ಕಂಡಿತು, ನೀನು ಅವರಿಗೆ ಬೆನ್ನು ಮಾಡಿದ್ದೆ. ಕಾದ ಕಬ್ಬಿಣದ ಬೆಳಕನ್ನೆಲ್ಲ ಯಾರೋ ಒಂದು ಮುಷ್ಟಿಯಲ್ಲಿ ಹಿಡಿದು ತೋರಿಸಿದ್ದಾರೆ ಎಂಬಂತೆ ನೋಡುತ್ತಿದ್ದರು. ಯೊನ್ನಾ ಬಾಯಿ ತೆರೆದುಕೊಂಡು ಕೂತಿದ್ದಳು.

ಆಗ ನೀನು ಕೇಳಿದೆ: "ಇವೆರಡನ್ನ ಅದಲುಬದಲು ಮಾಡಬಹುದಾ?"

ಹೆಡ್ಮಾನರ ದನಿ ನಾನು ಅವತ್ತು ಕೇಳಲಿಲ್ಲ. ನಿನ್ನ ದನಿಯಲ್ಲಿ ಕೇಳಿದೆ. ಉತ್ತರ ನನಗೆ ಈಗ ಗೊತ್ತು. ನಿನ್ನ ಪತ್ರದಿಂದ ಬಾಯಿಪಾಠವಾಗಿದೆ. ಆದರೆ ಆ ಚೌಕ ನನ್ನದಲ್ಲ. ಸೀಮೆಸುಣ್ಣ ನಿನಗೆ ಕೊಟ್ಟೆ. ನೀನು ಎದ್ದು ಬಂದು ನನ್ನ ಮೂರು ಸಾಲಿನ ಕೆಳಗೆ ನಿನ್ನ ಎರಡು ಸಾಲು ಬರೆದೆ. ಬರೆದು ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಪೂರ್ತಿ ನನ್ನದಲ್ಲ."

ಹುಡುಗರಿಗೆ ಅದರ ಅರ್ಥ ಆಗಿರಲಿಕ್ಕಿಲ್ಲ. ಆದರೂ ಬೆಂಚು ಕುಟ್ಟಿದರು. ಆ ಸದ್ದು ಎದುರು ಕಟ್ಟಡದವರೆಗೂ ಕೇಳಿಸಿತಂತೆ, ಆರ್ವೊ ಹೇಳಿದ.

ತರಗತಿ ಮುಗಿದ ಮೇಲೆ ಪಟ್ಟಿ ನನ್ನ ಹತ್ತಿರವೇ ಉಳಿಯಿತು. ನೋಡಿದರೆ ನನ್ನ ಹೆಸರಿನ ಎದುರು, ಎರಡನೆಯ ಚೌಕದಲ್ಲಿ, ನಿನ್ನ ಹಸಿರು ಪೆನ್ನಿನ ಗುರುತು. ಯಾವಾಗ ಹಾಕಿದೆಯೋ.

ಜನವರಿಯಲ್ಲಿ ಬರೆದರೆ ಸುಳ್ಳಾಗುತ್ತದೆ ಎಂದಿದ್ದ ಒಂದು ಮಾತಿತ್ತಲ್ಲ, ಅದಕ್ಕೆ ಇವತ್ತು ಗುರುತು ಹಾಕುತ್ತಿದ್ದೇನೆ. ಎರಡೂ ಚೌಕದಲ್ಲಿ.

ಈ ಕಂದು ಲಕೋಟೆಯ ಮೇಲೆ ಹೆಸರು ಬರೆಯುವ ಇಪ್ಪತ್ತನಾಲ್ಕು ಮನೆಗಳಿವೆ. ಪತ್ರಗಳಿಗೂ ಪಾಠದ ಚೀಟಿಗಳಿಗೂ ಒಂದು ಹೆಸರು ಹೊಡೆದು ಇನ್ನೊಂದು ಬರೆದು, ನಿನ್ನ ಹೆಸರು, ನನ್ನ ಹೆಸರು, ನಿನ್ನ ಹೆಸರು, ತುಂಬುತ್ತಾ ಬಂದಿವೆ. ಉಳಿದಿರುವುದು ಈ ಕೊನೆಯ ಮನೆ ಒಂದೇ. ಹೊಸದು ಕೊಡಲೇ ಎಂದು ಆರ್ವೊ ಕೇಳಿದ. ಬೇಡ ಎಂದೆ.

ಮರಳು ಹಾಕಿದ್ದಾರೆ, ಅಂಗಳ ಜಾರುವುದಿಲ್ಲ. ಇದನ್ನೂ ನಾನೇ ತರುತ್ತಿದ್ದೇನೆ. ಬಾಗಿಲು ತಟ್ಟುತ್ತೇನೆ.

ನಿನ್ನ,
ಹೆಲ್ಕಾ